ಓಗೊಡುವ ಗೋಡೆ

ಮೇರು ವಿಮಾ ಕಂಪನಿಯ ಹುಬ್ಬಳ್ಳಿ ಕಚೇರಿಯಲ್ಲಿ ಗೋಡೆಗಳು ಎದೆಯೆತ್ತರಕ್ಕಷ್ಟೇ ಇದ್ದವು. ಆದರೂ ಒಂದು ಕಡೆಯ ಮಾತು ಇನ್ನೊಂದು ಕಡೆಗೆ ದಾಟುತ್ತಿರಲಿಲ್ಲ.

ಮೊದಲ ದಿನ ಅದನ್ನು ಯಾರೂ ನಂಬಲಿಲ್ಲ. ಆಡಳಿತ ವಿಭಾಗದ ಮುಖ್ಯಸ್ಥ ವಿದ್ಯಾಧರ ನರಗುಂದ ಪ್ಯಾಂಟ್ರಿಯಿಂದ ಒಂದು ಸ್ಟೀಲ್ ತಾಟು, ಒಂದು ಸೌಟು ತರಿಸಿದರು. ತಾವೇ ಗೋಡೆಯ ಆಚೆ ನಿಂತು ಮದುವೆಮನೆಯ ಬಾಜಾದವರಂತೆ ಬಡಿಯತೊಡಗಿದರು. ಒಳಾಂಗಣ ವಿನ್ಯಾಸ ಮಾಡಿದ ಶಾಲ್ಮಲಾ ಈಚೆ ನಿಂತಿದ್ದಳು. ಅವರ ಕೈ ಏಳುವುದು, ಇಳಿಯುವುದು, ತಾಟು ನಡುಗುವುದು ಎಲ್ಲ ಕಾಣುತ್ತಿತ್ತು. ಸದ್ದು ಮಾತ್ರ ಇಲ್ಲ.

ಬಡಿದು ಸುಸ್ತಾದ ನರಗುಂದ ಗೋಡೆಯ ಮೇಲಿಂದ ಕತ್ತು ಈಚೆ ಚಾಚಿದರು. ಬಾಯಿ ಗೋಡೆ ದಾಟಿದ ಕೂಡಲೇ ದನಿ ಬಂತು.

"ಏನ್ರೀ ಇದು, ಮಾಟ ಮಾಡೀರೇನು?"

"ಮಾಟ ಅಲ್ರಿ ಸರ. ಹತ್ತಿ," ಅಂದಳು ಶಾಲ್ಮಲಾ.

ಪೂರ್ತಿ ಹತ್ತಿಯೇನೂ ಅಲ್ಲ. ಗೋಡೆಯ ಮೈಗೆ ಕೈಮಗ್ಗದ ದಪ್ಪ ಬಟ್ಟೆ, ಬಿಳಿಜೋಳದ ಬಣ್ಣದ್ದು, ಅಂಚಿಗೆ ದಾಳಿಂಬೆ ಕೆಂಪು. ಅದರೊಳಗೆ ಒತ್ತಿದ ಹತ್ತಿಯ ಪದರ. ಪದರದ ತುಂಬ ಸಾಸಿವೆ ಗಾತ್ರದ ಮಣಿಗಳು. ಪ್ರತಿ ಮಣಿಗೂ ಕೇಳುವುದು ಗೊತ್ತು, ಸದ್ದು ಹೊರಡಿಸುವುದೂ ಗೊತ್ತು. ಒಂದು ಬದಿಯಿಂದ ಸದ್ದಿನ ಅಲೆ ಬಂದರೆ ಮಣಿ ಅದನ್ನು ಅಳೆದು, ಅದರ ಉಬ್ಬಿಗೆ ತಗ್ಗು, ತಗ್ಗಿಗೆ ಉಬ್ಬು ಕೂಡುವಂಥ ಇನ್ನೊಂದು ಅಲೆಯನ್ನು ಬಿಡುತ್ತದೆ. ಎರಡೂ ಸೇರಿ ಗಾಳಿ ಸಮತಟ್ಟಾಗುತ್ತದೆ. ಮೇಲಂಚಿನ ಮಣಿಗಳು ಚಾವಣಿಯವರೆಗಿನ ಗಾಳಿಯನ್ನು ಹೀಗೆಯೇ ಕಾಯುತ್ತವೆ. ಎಲ್ಲವನ್ನೂ ತಡೆದರೆ ಅದು ಬರೀ ಗೋಡೆ. ಇದು ಆಯ್ದು ತಡೆಯುತ್ತದೆ. ಅದಕ್ಕೇ ಶಾಲ್ಮಲಾ, ಅವಳ ಜೊತೆ ಕೆಲಸ ಮಾಡುವ ಇಮ್ತಿಯಾಜ್ ಇಬ್ಬರೂ ಅದಕ್ಕೆ ಜರಡಿ ಎಂದು ಹೆಸರಿಟ್ಟಿದ್ದರು.

ಜರಡಿ ದಾಟಬಲ್ಲ ಸದ್ದು ಮೂರೇ. ಬೆಂಕಿಯ ಗಂಟೆ, ಚೀರಾಟ, ಮತ್ತು ಆ ಬದಿಯಲ್ಲಿ ಕೂತವರ ಹೆಸರು. ಎಂಥ ಗದ್ದಲದಲ್ಲಿಯೂ ತನ್ನ ಹೆಸರು ಕಿವಿಗೆ ಬಿದ್ದರೆ ಮನುಷ್ಯ ತಿರುಗಿ ನೋಡುತ್ತಾನೆ. ಕಿವಿ ಮಾಡುವ ಆ ಕೆಲಸವನ್ನು ಗೋಡೆಗೆ ಕಲಿಸಿದರಾಯಿತು ಎಂಬುದು ಅವರ ಲೆಕ್ಕ. ಹೆಸರು ಹಿಡಿದು ಕರೆದರೆ ಜರಡಿ ತೆರೆಯುತ್ತದೆ, ಮಾತು ಮುಗಿಯುವ ತನಕ ತೆರೆದಿರುತ್ತದೆ, ಆಮೇಲೆ ಮುಚ್ಚುತ್ತದೆ.

ಹಾಲ್ ಕೂಡ ಶಾಲ್ಮಲಾಳದೇ ಕಲ್ಪನೆ. ಗಾಜಿನ ಕ್ಯಾಬಿನ್ನುಗಳಲ್ಲಿ ಜನ ತೊಟ್ಟಿಯ ಮೀನಿನಂತೆ ಕಾಣುತ್ತಾರೆ ಎಂದು ಅವಳು ಅವನ್ನೆಲ್ಲ ಕಿತ್ತುಹಾಕಿಸಿದ್ದಳು. ಕಿಟಕಿಯ ಬೆಳಕು ಎಲ್ಲ ಮೇಜಿಗೂ ಬೀಳಬೇಕು, ಯಾರ ಬೆನ್ನೂ ಓಡಾಡುವ ದಾರಿಗೆ ಇರಬಾರದು, ಪಕ್ಕದವರ ಫೋನು ಯಾರ ತಲೆಯೊಳಗೂ ಹೊಗಬಾರದು. ಇಷ್ಟೇ ಅವಳ ಹಟ.

"ನೋಡ್ರವ್ವಾ," ನರಗುಂದ ತಾಟನ್ನು ಬಗಲಲ್ಲಿಟ್ಟುಕೊಂಡು ಹೇಳಿದರು, "ಮೇಲಿನವರು ಗಾಜs ಬೇಕು ಅಂತ ಕುಂತಿದ್ರು. ನಾನು ನಿಮ್ಮ ಸಲುವಾಗಿ ಕುತ್ತಿಗಿ ಕೊಟ್ಟೀನಿ. ಮಳಿಗಾಲ ಮುಗಿದ ಮ್ಯಾಲ ವಾಗ್ದೇವಿ ಮೇಡಂ ಬಂದು ನೋಡ್ತಾರ. ಮನಸ್ಸಿಗೆ ಬಂತಂದ್ರ ಎಲ್ಲಾ ಊರಿನ ಆಫೀಸಿಗೂ ನಿಮ್ಮ ಜರಡಿ. ಬರಲಿಲ್ಲಂದ್ರ ಇದನ್ನೂ ಕಿತ್ತು ಗಾಜು."

"ಮನಸ್ಸಿಗೆ ಬರ್ತದ ಸರ," ಅಂದಳು ಶಾಲ್ಮಲಾ. ಜಂಬದಿಂದಲ್ಲ. ಅವಳಿಗೆ ತನ್ನ ಕೆಲಸ ಗೊತ್ತಿತ್ತು.

*

ಮನೆಯಲ್ಲಿ ಇಬ್ಬರೇ. ಶಾಲ್ಮಲಾ ಮತ್ತು ಅವಳ ಅತ್ತೆ ನೀಲವ್ವ. ನೀಲವ್ವನ ಮಗ, ಶಾಲ್ಮಲಾಳ ಗಂಡ ಅಭಿನಂದನ, ತೀರಿಕೊಂಡು ಮೂರು ಮಳೆಗಾಲ ಕಳೆದಿದ್ದವು. ಜರಡಿಯ ಮೊದಲ ಚಿತ್ರ ಬರೆದದ್ದು ಅವನೇ. ಅವನು ಹೋದ ಮೇಲೆ ಬಂಧುಗಳು ಪಡಸಾಲೆ ತುಂಬ ಕೂತು ವಾರಗಟ್ಟಲೆ ಮಾತಾಡಿದರು. ಅವರೆಲ್ಲ ಊರಿಗೆ ಹೋದ ಮೇಲೂ ಶಾಲ್ಮಲಾಳಿಗೆ ಮಾತು ಕೇಳಿಸುತ್ತಲೇ ಇತ್ತು. ಜರಡಿಯ ಮೊದಲ ಫಲಕಗಳು ಸಿದ್ಧವಾದಾಗ ಅವಳು ಅವನ್ನು ತನ್ನ ಕೋಣೆಗೂ ಪಡಸಾಲೆಗೂ ನಡುವೆ ಮಡಚುವ ಪರದೆಯಂತೆ ನಿಲ್ಲಿಸಿದಳು.

"ಏನಿದು?" ನೀಲವ್ವ ಕೇಳಿದ್ದಳು.

"ಪ್ರಯೋಗ ಅತ್ತಿ."

ಆ ಪರದೆ ದಾಟಬಲ್ಲದ್ದು ಅವಳ ಹೆಸರೊಂದೇ. ಇಷ್ಟು ದಿನದಲ್ಲಿ ಅದು ಒಂದು ಸಲವೂ ತಪ್ಪಿ ತೆರೆದಿರಲಿಲ್ಲ. ಮನೆ ತಣ್ಣಗಾಯಿತು. ಪ್ರಯೋಗ ಗೆದ್ದಿತು ಎಂದೇ ಅವಳು ತಿಳಿದಳು. ಊಟದ ಹೊತ್ತಿಗೆ ನೀಲವ್ವ ಬಂದು ಪರದೆಯ ಪಕ್ಕ ಸುಮ್ಮನೆ ನಿಲ್ಲುತ್ತಿದ್ದಳು. ಶಾಲ್ಮಲಾ ಎದ್ದು ಹೋಗುತ್ತಿದ್ದಳು.

"ಹೆಂಗಾತು ನಿನ್ನ ಗ್ವಾಡಿ?" ಆ ರಾತ್ರಿ ನೀಲವ್ವ ರೊಟ್ಟಿ ಮುರಿಯುತ್ತ ಕೇಳಿದಳು.

"ಛಲೋ ಆತ್ರಿ. ನರಗುಂದ ಸರ ತಾಟು ತಗೊಂಡು ಬಡದ್ರು."

"ಯಾಕ, ಊಟಕ್ಕ ಹಾಕಿದ್ದಿಲ್ಲೇನು ಅವರಿಗೆ?"

ಶಾಲ್ಮಲಾ ನಕ್ಕಳು. ನಗು ಬಂದದ್ದು ರೂಢಿಯಿಂದ. ಆದರೂ ಬಂತು.

*

ಜನ ಜರಡಿಗೆ ಬೇಗ ಒಗ್ಗಿಕೊಂಡರು. ತಲೆನೋವಿನ ಗುಳಿಗೆ ಕೇಳುವವರು ಕಡಿಮೆಯಾದರು. ಲೆಕ್ಕಪತ್ರದ ಚನ್ನಬಸಪ್ಪ ಗಟ್ಟಿಯಾಗಿ ವಚನ ಹಾಡಿಕೊಂಡು ಕೆಲಸ ಮಾಡತೊಡಗಿದರು. ಪಕ್ಕದವರಿಗೆ ಅವರ ತುಟಿ ಮಾತ್ರ ಕಾಣುತ್ತಿತ್ತು. ಕ್ಲೇಮು ವಿಭಾಗದ ಪ್ರಮೋದಿನಿ ಕಾಲೇಜಿಗೆ ಹೋಗುವ ಮಗಳನ್ನು ಫೋನಿನಲ್ಲಿ ಮನಸಾರೆ ಬೈದುಕೊಂಡಳು. ಪರಿಹಾರದ ಅರ್ಜಿಗಳು ಮೊದಲಿಗಿಂತ ಬೇಗ ಮುಗಿಯುತ್ತಿವೆ ಎಂದು ನರಗುಂದ ಮೇಲಿನವರಿಗೆ ಬರೆದರು. ಶಾಲ್ಮಲಾ ವಾರಕ್ಕೊಮ್ಮೆ ಬಂದು ಹಾಲಿನಲ್ಲಿ ಸುತ್ತಾಡಿ, ಒಂದು ದೀಪದ ಕೋನ ಬದಲಿಸಿ, ಒಂದು ಗಿಡ ಸರಿಸಿ ಹೋಗುತ್ತಿದ್ದಳು.

ಶ್ರಾವಣದ ಒಂದು ಸೋಮವಾರ ಮಧ್ಯಾಹ್ನ ಅವಳಿಗೆ ಫೋನು ಬಂತು. ಮಂದಾಕಿನಿ ಎಂಬ ಹುಡುಗಿ ಮೇಜಿನ ಕೆಳಗೆ ಬಿದ್ದಿದ್ದಳು. ಪ್ರಮೋದಿನಿಯ ಪಕ್ಕದ ಮೇಜಿನವಳು, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ಮೇಲೆ ಸೋಮವಾರದ ಉಪವಾಸ. ಚಹಾ ಕೊಡಲು ಬಂದ ಮಲ್ಲವ್ವ ನೋಡಿ ಚೀರಿದಾಗಷ್ಟೇ ಹಾಲಿಗೆ ಗೊತ್ತಾಯಿತು. ಅವಳು ಎಷ್ಟು ಹೊತ್ತಿನಿಂದ ಹಾಗೆ ಬಿದ್ದಿದ್ದಳೋ ಯಾರಿಗೂ ತಿಳಿಯದು.

ಶಾಲ್ಮಲಾ ಆಸ್ಪತ್ರೆಗೆ ಹೋದಾಗ ಮಂದಾಕಿನಿ ಎದ್ದು ಕೂತಿದ್ದಳು. ಕೈಗೆ ಸಲೈನ್. ಪ್ರಮೋದಿನಿ ಕಾಲ ಬಳಿ ಸ್ಟೂಲಿನ ಮೇಲೆ ಕೂತು ಮೂಸಂಬಿ ಸುಲಿಯುತ್ತಿದ್ದಳು. ಅವಳ ಕಣ್ಣು ಕೆಂಪಾಗಿದ್ದವು.

"ಕರದಾಳಂತ ನೋಡ್ರಿ ನನ್ನ," ಶಾಲ್ಮಲಾ ಬಾಯಿ ಬಿಡುವ ಮೊದಲೇ ಪ್ರಮೋದಿನಿ ಅಂದಳು. "ಒಂದ ಸಲ ಅಲ್ಲ. ನಾನು ಒಂದ ಮಾರು ದೂರದಾಗ ಕುಂತು ಕಂಪ್ಯೂಟರ್ ಕುಟ್ಟಲಿಕ್ಕೆ ಹತ್ತಿದ್ದೆ."

"ಏನಂತ ಕರದ್ರಿ?" ಶಾಲ್ಮಲಾ ಮಂದಾಕಿನಿಯನ್ನು ಕೇಳಿದಳು.

"ಅಕ್ಕಾ ಅಂದೆ."

"ಹೆಸರು?"

ಹುಡುಗಿ ತಬ್ಬಿಬ್ಬಾಗಿ ನೋಡಿದಳು. "ಅಕ್ಕಾರ ಹೆಸರಾ? ಅವರು ನನಗಿಂತ ಎಷ್ಟು ದೊಡ್ಡವರದಾರ. ಹೆಸರು ಹಿಡದು ಹೆಂಗ ಕರೀಲಿ?"

"ಸಾಯಲಿಕ್ಕೆ ಹತ್ತಿದಾಗೂ?" ಪ್ರಮೋದಿನಿ ಗದರಿದಳು. "ಪ್ರಮೋದಿನಿ ಅಂದ್ರ ನಾನು ನಿನ್ನ ನುಂಗತಿದ್ನೇನs?"

"ಆವಾಗ ಬಾಯಾಗ ಬರೂದs ಅದು ಅಕ್ಕಾ," ಅಂದಳು ಮಂದಾಕಿನಿ. ಆಮೇಲೆ ಸಣ್ಣ ದನಿಯಲ್ಲಿ, "ನೀವು ಓ ಅನ್ನಲಿಲ್ಲ. ನನ್ನ ಮ್ಯಾಲ ಸಿಟ್ಟಾಗೀರಿ ಅಂತ ತಿಳಕೊಂಡೆ," ಅಂದಳು.

ಮೂಸಂಬಿಯ ತೊಳೆ ಪ್ರಮೋದಿನಿಯ ಕೈಯಲ್ಲೇ ಉಳಿಯಿತು.  ಶಾಲ್ಮಲಾ ಅಲ್ಲಿಂದ ನೇರ ಜರಡಿ ತಯಾರಾಗುವ ತಮ್ಮ ವರ್ಕ್‌ಶಾಪಿಗೆ ಹೋದಳು.

*

ಇಮ್ತಿಯಾಜ್ ಸವಣೂರ ಅಭಿನಂದನನ ಕಾಲೇಜು ಗೆಳೆಯ. ಮಣಿಗಳಿಗೆ ಬುದ್ಧಿ ಕಲಿಸುವ ಕೆಲಸ ಅವನದು. ಶಾಲ್ಮಲಾ ಹೇಳಿದ್ದನ್ನೆಲ್ಲ ಕೇಳಿ ಅವನು ಕುರ್ಚಿಗೆ ಒರಗಿದ.

"ಭಾಭೀ, ನಾನು ನಿಮ್ಮನ್ನ ಎಂದರ ಹೆಸರು ಹಿಡದು ಕರದೀನೇನು?"

"ಇಲ್ಲ."

"ನೀವು ಅಭಿಯನ್ನ ಕರದೀರೇನು?"

ಅವಳು ಇಲ್ಲವೆಂದು ತಲೆ ಆಡಿಸಿದಳು.  ಇಡೀ ವರ್ಕ್‌ಶಾಪಿನಲ್ಲಿ ಯಾರೂ ಯಾರನ್ನೂ ಹೆಸರಿನಿಂದ ಕರೆಯುತ್ತಿರಲಿಲ್ಲ. ಭಾಭಿ, ಅಣ್ಣಾ, ಕಾಕಾ, ರೀ, ಏ ಇವನs. ಜರಡಿಯನ್ನು ಪರೀಕ್ಷಿಸುವಾಗ ಮಾತ್ರ ಒಬ್ಬರು ಈಚೆ ನಿಂತು ಸಾಲೆಯ ಮಾಸ್ತರರಂತೆ ಹೆಸರು ಓದುತ್ತಿದ್ದರು, ಇನ್ನೊಬ್ಬರು ಆಚೆ ನಿಂತು ಕೈ ಎತ್ತುತ್ತಿದ್ದರು. ಪ್ರತಿ ಸಲವೂ ಜರಡಿ ಪಾಸಾಗಿತ್ತು. ಹಾಜರಿ ಕರೆಯುವುದೇ ಬೇರೆ, ಕರೆಯುವುದೇ ಬೇರೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

"ಅಕ್ಕಾ, ಅಣ್ಣಾ ಎಲ್ಲಾ ಸೇರಿಸಿಬಿಡೂಣು?" ಅಂದ ಇಮ್ತಿಯಾಜ್.

ಸೇರಿಸಿದರು. ಮರುದಿನ ಹಾಲಿನಲ್ಲಿ ಯಾರೋ "ಅಕ್ಕಾ" ಅಂದರು. ಗೋಡೆಗಳೆಲ್ಲ ಒಮ್ಮೆಗೇ ತೆರೆದು ಇಪ್ಪತ್ತು ಮಂದಿ ಹೆಂಗಸರು ತಿರುಗಿದರು. "ಸರ" ಅಂದಾಗ ಇನ್ನೂ ಫಜೀತಿಯಾಯಿತು.

"ಬಸ್ ಸ್ಟ್ಯಾಂಡಿನಾಗ ಅಣ್ಣಾ ಅಂದಂಗಾತು ಇದು," ಇಮ್ತಿಯಾಜ್ ತಲೆ ಕೆರೆದುಕೊಂಡ. ಸಂಜೆಯೊಳಗೆ ಅದನ್ನು ತೆಗೆದುಹಾಕಿದರು.

ಅಷ್ಟರಲ್ಲಿ ನರಗುಂದ ತಮ್ಮದೇ ಉಪಾಯ ಹುಡುಕಿದ್ದರು. ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯತಕ್ಕದ್ದು, ವಯಸ್ಸು ಹುದ್ದೆ ನೋಡತಕ್ಕದ್ದಲ್ಲ ಎಂದು ಸುತ್ತೋಲೆ ಹೊರಟಿತು. ಪ್ರತಿ ಮೇಜಿನ ಮೇಲೆ ದಪ್ಪಕ್ಷರದ ಹೆಸರಿನ ಹಲಗೆ ಬಂತು. ಹೊಸ ಹುಡುಗರು ಒಂದು ದಿನ ಮೋಜಿಗೆ "ಚನ್ನಬಸಪ್ಪಾ" ಎಂದು ಕರೆದು, ನಾಲಿಗೆ ಕಚ್ಚಿಕೊಂಡು, ಅವರ ಬಳಿ ಹೋಗಿ ಕೆನ್ನೆ ಬಡಿದುಕೊಂಡು ಬಂದರು. ಆಮೇಲೆ ಯಾರೂ ಯಾರನ್ನೂ ಕರೆಯಲಿಲ್ಲ. ಬೇಕಾದರೆ ಎದ್ದು ಹೋಗುತ್ತಿದ್ದರು. ಹೆಚ್ಚಾಗಿ ಏಳುತ್ತಲೂ ಇರಲಿಲ್ಲ.

"ನೋಡ್ರಿ ಎಷ್ಟು ಶಾಂತ!" ನರಗುಂದ ಹಾಲಿನ ನಡುವೆ ನಿಂತು ಕೈ ಬೀಸಿ ತೋರಿಸಿದರು. "ಮೇಡಂ ಬಂದು ನೋಡಿದ್ರ ಗಾಜಿನ ಮಾತು ಎತ್ತೂದಿಲ್ಲ."

ಶಾಲ್ಮಲಾ ನೋಡಿದಳು. ಎಲ್ಲರ ತಲೆಗಳೂ ಬಗ್ಗಿದ್ದವು. ಒಂದು ತುಟಿಯೂ ಅಲುಗುತ್ತಿರಲಿಲ್ಲ. ಇಂಥ ಶಾಂತಿಯನ್ನು ಅವಳು ಬಲ್ಲಳು. ಅದು ಅವಳ ಕೋಣೆಯಲ್ಲಿತ್ತು.

*

ಅವಳು ಮಧ್ಯಾಹ್ನವೇ ಮನೆಗೆ ಹೋದಳು. ನೀಲವ್ವ ಪಡಸಾಲೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

"ಅತ್ತಿ, ನಾನು ಒಳಗ ಹೋಗಿ ಕುಂದರ್ತೀನಿ. ನೀವು ಇಲ್ಲಿಂದ ನನ್ನ ಕರೀರಿ."

"ಇಲ್ಲೇ ಇದ್ದಾಕಿನ್ನ ಯಾಕ ಕರೀಲಿ?"

"ಪರೀಕ್ಷಾ ಐತ್ರಿ. ನೀವು ದಿನಾ ಹೆಂಗ ಕರೀತೀರಿ ಹಂಗs ಕರೀರಿ."

ನೀಲವ್ವ ಒಂದು ಕ್ಷಣ ಅವಳ ಮುಖ ನೋಡಿದಳು. "ಹೋಗು," ಅಂದಳು.

ಶಾಲ್ಮಲಾ ಪರದೆಯ ಹಿಂದೆ ಕೂತು, ಎರಡು ಫಲಕಗಳ ನಡುವಿನ ಸಂದಿಗೆ ಕಣ್ಣಿಟ್ಟಳು. ನೀಲವ್ವನ ಬೆರಳುಗಳು ಸೊಪ್ಪಿನ ದಂಟಿನ ಮೇಲೆ ಓಡುತ್ತಿದ್ದವು. ತುಟಿ ಅಲುಗಿತು. ಶಾಲ್ಮಲಾಳಿಗೆ ಏನೂ ಕೇಳಿಸಲಿಲ್ಲ. ಆದರೆ ಬೆರಳುಗಳು ನಿಂತವು. ನೀಲವ್ವ ಕೋಣೆಯತ್ತ ಮುಖ ತಿರುಗಿಸಿ, ಕಿವಿ ಒಂದಿಷ್ಟು ಮುಂದೆ ಮಾಡಿ ಕೂತಳು. ಬಳೆ ಅಲುಗಲಿಲ್ಲ. ಮತ್ತೆ ತುಟಿ ಅಲುಗಿತು. ಮತ್ತೆ ಕಾದಳು. ಕೊನೆಗೆ ಮುಖ ಈಚೆ ತಿರುಗಿತು, ಬೆರಳುಗಳು ಸೊಪ್ಪಿಗೆ ಮರಳಿದವು. ಮರಳಿದ ರೀತಿ ಹೊಸದಾಗಿರಲಿಲ್ಲ. ಕೈಗೆ ಅದು ಪಾಠವಾಗಿತ್ತು.

ಶಾಲ್ಮಲಾ ಹೊರಗೆ ಬಂದು ಎದುರಿಗೆ ಕೂತಳು.

"ಏನಂದ್ರಿ?"

"ಯವ್ವಾ ಅಂದೆ. ಆಮ್ಯಾಲ, ಯವ್ವಾ ಕೇಳ್ತೇನು ಅಂದೆ."

"ಮೊದಲಿಂದಾನೂ ಹಿಂಗ ಕರೀತಿದ್ರ್ಯಾ?"

"ಮೊದಲ ಮೊದಲ ಕರೀತಿದ್ದೆ. ಚಾ ಆತು ಅಂತ, ಯಾರೋ ಬಂದಾರ ಅಂತ. ಒಮ್ಮೊಮ್ಮೆ ಏನೂ ಇರತಿದ್ದಿಲ್ಲ, ಸುಮ್ಮನ. ಆಮ್ಯಾಲ ಬಿಟ್ಟೆ."

"ನನಗ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ನಿನಗ ಮಾತು ಬ್ಯಾಡಾಗೇತಿ ಅಂತ ತಿಳಕೊಂಡೆ." ನೀಲವ್ವ ಸೊಪ್ಪಿನ ಕಟ್ಟನ್ನು ಅವಳತ್ತ ಸರಿಸಿದಳು. "ನನಗೂ ಒಂದೊಂದ ಸಲ ಬ್ಯಾಡ ಅನಸ್ತದ."

"ಹೆಸರು ಹಿಡದು ಕರದಿದ್ರ ಕೇಳಸ್ತಿತ್ತು ಅತ್ತಿ."

"ನನ್ನ ಬಾಯಿ ಹೊಳ್ಳೂದಿಲ್ಲ. ಬಂದಾಗಿಂದ ಯವ್ವಾ ಅಂದೀನಿ. ಈಗೇನು ಸಾಲಿ ಹುಡುಗಿಯೇನು ನೀ, ಹೆಸರು ಕೂಗಾಕ?"

ಶಾಲ್ಮಲಾ ಸೊಪ್ಪು ಬಿಡಿಸತೊಡಗಿದಳು. ಮುಖ ತಗ್ಗಿಸಿಯೇ ಕೇಳಿದಳು, "ಅತ್ತಿ, ಕರದ ಮ್ಯಾಲ ಕೈ ಯಾಕ ನಿಲ್ಲಿಸಿದ್ರಿ?"

"ನಿಲ್ಲಿಸಿದ್ನೇನು?" ನೀಲವ್ವ ತನ್ನ ಕೈ ನೋಡಿಕೊಂಡಳು. "ನೀ ಓ ಅಂದದ್ದು ಕೇಳಸಬೇಕಲ್ಲ."

*

"ಮಾತು ಬಿಟ್ಟುಬಿಡೂಣು," ಅಂದಳು ಶಾಲ್ಮಲಾ ಇಮ್ತಿಯಾಜ್‌ನಿಗೆ. "ಹೆಸರೂ ಬ್ಯಾಡ, ಅಕ್ಕಾನೂ ಬ್ಯಾಡ. ಕಾಯೂದನ್ನ ಕೇಳಸೂಣು."

"ಕಾಯೂದಕ್ಕ ಸದ್ದು ಎಲ್ಲಿರ್ತದ ಭಾಭಿ?"

"ಸದ್ದು ನಿಂತದ್ದು ಇರ್ತದಲ್ಲ."

ಅವಳು ವಿವರಿಸಿದಳು. ಕೆಲಸ ಮಾಡುವ ಮನುಷ್ಯ ಎಂದೂ ನಿಶ್ಶಬ್ದವಾಗಿರುವುದಿಲ್ಲ. ಕೀಲಿ ಒತ್ತುತ್ತಾನೆ, ಕಾಗದ ಮಗುಚುತ್ತಾನೆ, ಬಳೆ ತಾಗುತ್ತದೆ, ಕುರ್ಚಿ ಕಿರುಗುಟ್ಟುತ್ತದೆ. ಮಣಿಗಳಿಗೆ ಇವೆಲ್ಲ ಮೊದಲಿಂದಲೂ ಕೇಳಿಸುತ್ತಿವೆ. ಕಸವೆಂದು ಎಸೆಯುತ್ತಿವೆ, ಅಷ್ಟೆ. ಒಂದು ದನಿ ಹೊರಟು, ಅದರ ಹಿಂದೆಯೇ ಈ ಸಣ್ಣ ಸದ್ದುಗಳೆಲ್ಲ ಒಟ್ಟಿಗೆ ನಿಂತುಹೋದರೆ ಆ ಮನುಷ್ಯ ಉತ್ತರಕ್ಕೆ ಕಾಯುತ್ತಿದ್ದಾನೆ. ಗೋಡೆ ಪ್ರತಿ ಮಾತನ್ನೂ ಒಂದು ಉಸಿರಿನಷ್ಟು ಹೊತ್ತು ಹಿಡಿದಿಟ್ಟುಕೊಳ್ಳಲಿ. ಕೈ ನಡೆದೇ ಇದ್ದರೆ ಮಾತನ್ನು ಬಿಸಾಡಲಿ. ಕೈ ನಿಂತರೆ ಆಚೆ ದಾಟಿಸಲಿ.

"ಫೋನಿನಾಗ ಮಾತಾಡೋರು? ಅವರೂ ಕಾಯ್ತಾರ."

"ಪ್ರಮೋದಿನಿ ಮಗಳನ್ನ ಬೈಯೂದು ನೋಡೀರೇನು? ಬೈಕೋತನs ಟೈಪ್ ಮಾಡ್ತಾರ. ಫೋನಿನಾಗಿನ ಉತ್ತರ ಕಿವಿಯೊಳಗs ಬರ್ತದ, ಅದಕ್ಕ ಕೈ ನಿಲ್ಲಿಸಬೇಕಾಗಿಲ್ಲ. ಗ್ವಾಡಿ ಆಚೆಯ ಉತ್ತರಕ್ಕ ನಿಲ್ಲಿಸಬೇಕು."

"ಯಾರಿಗೆ ಮುಟ್ಟಿಸೂದು?"

"ಮುಖ ಇದ್ದ ದಿಕ್ಕಿನವರಿಗೆ. ಅಲ್ಲಿ ಯಾರೂ ಓ ಅನ್ನಲಿಲ್ಲಂದ್ರ ಸುತ್ತಲಿನವರಿಗೆಲ್ಲ."

ಇಮ್ತಿಯಾಜ್ ಅದನ್ನು ಬರೆದುಕೊಂಡ. "ನಿದ್ದಿ ಮಾಡೋರು?" ಅಂದ.

"ನಿದ್ದಿ ಮಾಡೋರು ಮೊದಲ ಕರಿಯೂದಿಲ್ಲ."

"ಪ್ರಜ್ಞೆ ತಪ್ಪಿದವರು..." ಎಂದು ಶುರುಮಾಡಿ ಅವನು ತಾನೇ ನಿಲ್ಲಿಸಿದ. ಕರೆದು, ಕೈ ನಿಂತವರು. "ಹಾಂ," ಅಂದ. ಅಂಗಿಯ ತೋಳು ಮಡಚಿ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡ.

ಮುಂದಿನ ದಿನಗಳಲ್ಲಿ ವರ್ಕ್‌ಶಾಪಿನವರು ಒಬ್ಬರನ್ನೊಬ್ಬರು ತಮಗೆ ತೋಚಿದಂತೆ ಕರೆದರು. ಬೈದು ಕರೆದರು, ಕೆಮ್ಮಿ ಕರೆದರು. ನೀಲವ್ವನೂ ಒಂದು ದಿನ ಬಂದು ಕೂತು, ಚಹಾ ಕುಡಿಯುತ್ತ, ಸಿಕ್ಕವರನ್ನೆಲ್ಲ ಕರೆದು ಹೋದಳು. ಜರಡಿ ತಪ್ಪು ಮಾಡಿತು, ಕಲಿಯಿತು, ಕಡಿಮೆ ತಪ್ಪು ಮಾಡಿತು.

*

ಕಂಪನಿಯ ಮುಖ್ಯಸ್ಥೆ ವಾಗ್ದೇವಿ ಮೈಸೂರಿನ ಕಡೆಯವರು. ಬಂದವರೇ ಹಾಲನ್ನೊಮ್ಮೆ ನೋಡಿ, "ಬೆಳಕು ಚೆನ್ನಾಗಿದೆ ಕಣ್ರೀ," ಅಂದರು. ಗೋಡೆಯ ಬಟ್ಟೆಯ ಮೇಲೆ ಕೈಯಾಡಿಸಿದರು. ನರಗುಂದರ ಮುಖ ಅರಳಿತು. ಅವರು ಸುತ್ತೋಲೆಯ ವಿಷಯ ಹೇಳಿದರು, ಶಾಂತಿಯ ವಿಷಯ ಹೇಳಿದರು, ಆ ಹುಡುಗಿಯ ವಿಷಯವನ್ನೂ ಮುಚ್ಚಿಡದೆ ಹೇಳಿದರು. ಇನ್ನು ಹಾಗಾಗುವುದಿಲ್ಲ, ಹೆಸರು ಕರೆದರೆ ಸಾಕು ಎಂದರು.

"ಒಂದು ಸಲ ಮಾಡಿ ತೋರಿಸೂಣು ಸರ?" ಶಾಲ್ಮಲಾ ನಡುವೆ ಬಂದಳು. "ಮೇಡಂ ಈಚೆ ಕುಂತಿರಲಿ. ನೀವು ಆಚೆ ಹೋಗಿ ಕರೀರಿ."

"ಅದಕ್ಕೇನಂತ," ಎಂದು ನರಗುಂದ ಗೋಡೆ ಸುತ್ತಿ ಆಚೆ ಹೋದರು. ಎದೆ ಸೆಟೆಸಿ ನಿಂತರು. ಬಾಯಿ ತೆರೆದರು. ಮುಚ್ಚಿದರು. ಟೈ ಸರಿಮಾಡಿಕೊಂಡರು. ಮತ್ತೆ ಬಾಯಿ ತೆರೆದು ಏನೋ ಅಂದರು. ಅದು "ಮೇಡಂ" ಎಂದು ತುಟಿ ನೋಡಿದ ಎಲ್ಲರಿಗೂ ಗೊತ್ತಾಯಿತು. ಗೋಡೆ ಅದನ್ನು ಬಿಡಲಿಲ್ಲ. ಅಕ್ಕಪಕ್ಕದ ಮೇಜಿನವರೆಲ್ಲ ಎದ್ದು ನಿಂತು ನೋಡತೊಡಗಿದರು. ನರಗುಂದರ ಕಿವಿ ಕೆಂಪಾದವು. ಕೊನೆಗೆ ಅವರು ಗೋಡೆ ಸುತ್ತಿ ವಾಪಸು ಬಂದು, ವಾಗ್ದೇವಿಯವರ ಎದುರು ನಿಂತು, ಕೈ ಕಟ್ಟಿಕೊಂಡರು.

"ಆಗೂದಿಲ್ರಿ ಮೇಡಂ."

ವಾಗ್ದೇವಿ ನಗು ತಡೆದುಕೊಂಡರು. "ಬೇಡ ಬಿಡಿ ನರಗುಂದ್. ನೀವು ಕರೆದಿದ್ರೆ ನಾನೇ ಬೆಚ್ಚಿಬೀಳ್ತಿದ್ದೆ." ಶಾಲ್ಮಲಾಳ ಕಡೆ ತಿರುಗಿದರು. "ನಿಮ್ಮ ಹತ್ರ ಬೇರೆ ಏನೋ ಇದೆ ಅಂತ ಕಾಣುತ್ತೆ. ಸುಮ್ನೆ ಅವರನ್ನ ಕಳಿಸಲಿಲ್ಲ ನೀವು."

"ಇದೆ ಮೇಡಂ."

ಅವಳು ಹೇಳಿದ್ದನ್ನೆಲ್ಲ ಕೇಳಿದ ಮೇಲೆ ವಾಗ್ದೇವಿ ಕೈಗಡಿಯಾರ ನೋಡಿದರು. "ಸರಿ, ಹಾಕಿ. ನಾನು ಹೊರಡಬೇಕು. ದಿನಾ ಇಲ್ಲಿ ಕೂರೋರು ನರಗುಂದ್ ಅವರು. ಸಂಜೆವರೆಗೂ ಅವರೇ ನೋಡ್ಲಿ. ಅವರು ಸರಿ ಅಂದ್ರೆ ಎಲ್ಲಾ ಕಡೆಗೂ ಇದೇ. ಇಲ್ಲಾಂದ್ರೆ ಗಾಜು."

*

ಹೊಸ ಜರಡಿ ನಡೆಯತೊಡಗಿತು. ಮೊದಲು ಯಾರಿಗೂ ನಂಬಿಕೆ ಬರಲಿಲ್ಲ. ಪ್ರಮೋದಿನಿ ಮೆಲ್ಲಗೆ "ಏ ಹುಡುಗಿ" ಅಂದಳು. ಒಂದು ಉಸಿರು ಕಳೆಯಿತು. ಆಚೆಯಿಂದ ಮಂದಾಕಿನಿ "ಓ ಅಕ್ಕಾ" ಅಂದಳು. ಪ್ರಮೋದಿನಿ ಸುಮ್ಮನೆ ಮತ್ತೆರಡು ಸಲ ಕರೆದಳು. ಊಟದ ಹೊತ್ತಿಗೆ ಹಾಲಿನಲ್ಲಿ ಅಲ್ಲಲ್ಲಿ "ರೀ" "ಕಾಕಾ" "ಇಲ್ನೋಡ್ರಿ" ಎಂಬ ದನಿಗಳು ತುಸು ತಡವಾಗಿ, ಯಾರಿಗೆ ಬೇಕೋ ಅವರಿಗಷ್ಟೇ ದಾಟುತ್ತಿದ್ದವು. ಮೊದಲಿನಷ್ಟು ಶಾಂತವಿರಲಿಲ್ಲ. ಆದರೆ ಗದ್ದಲವೂ ಇರಲಿಲ್ಲ. ನರಗುಂದ ಮೇಜಿನಿಂದ ಮೇಜಿಗೆ ತಿರುಗುತ್ತ, ತಲೆ ಆಡಿಸುತ್ತ ಬಂದರು. ಶಾಲ್ಮಲಾ ಅವರ ಹಿಂದೆ.

ನಾಲ್ಕರ ಚಹಾ ಮುಗಿದ ಮೇಲೆ ಚನ್ನಬಸಪ್ಪನವರು ಕನ್ನಡಕ ತೆಗೆದಿಟ್ಟು, ಕಣ್ಣು ಒರೆಸಿಕೊಂಡು, "ಯಪ್ಪಾ ಶಿವನs" ಎಂದು ಸುಮ್ಮನೆ ಕೂತರು. ಒಂದು ಉಸಿರು. ಮೂರೂ ಕಡೆಯಿಂದ ದನಿ ಬಂತು.

"ಏನಾತ್ರೀ ಕಾಕಾ?"

"ಕರದ್ರ್ಯಾ?"

"ಶಿವ ಈಚೆ ಇಲ್ರಿ, ಪ್ಯಾಂಟ್ರಿಗೆ ಹೋಗ್ಯಾನ!"

ಚನ್ನಬಸಪ್ಪ ಬೆಚ್ಚಿ ಸುತ್ತ ನೋಡಿದರು. ಆಮೇಲೆ ಹೊಟ್ಟೆ ಕುಣಿಸಿ ನಕ್ಕರು. "ಎರಡು ದಿನ ಆತು, ಈ ಲೆಕ್ಕ ಕೂಡವಲ್ದು," ಅಂದರು. ಒಬ್ಬ ಹುಡುಗ ಎದ್ದು ಅವರ ಮೇಜಿಗೆ ಹೋದ.

ನರಗುಂದ ಮಾತ್ರ ನಗಲಿಲ್ಲ. ಅವರು ಶಾಲ್ಮಲಾಳನ್ನು ಕಿಟಕಿ ಬದಿಯ ಖಾಲಿ ಮೇಜಿಗೆ ಕರೆದುಕೊಂಡು ಹೋದರು.

"ಇದು ತಪ್ಪಲ್ಲೇನ್ರಿ? ಅವರು ಯಾರನ್ನೂ ಕರೀಲಿಲ್ಲ."

"ಕೈ ನಿಲ್ಲಿಸಿದ್ರು ಸರ."

"ಮನುಷ್ಯ ಅಂದ ಮ್ಯಾಲ ಉಸ್ ಅಂತಾನ. ಪ್ರತಿ ಒಂದಕ್ಕೂ ಮೂರು ಮಂದಿ ಎದ್ದು ಬಂದ್ರ ಆಫೀಸ್ ನಡೀತದೇನು? ಉಳಿದದ್ದೆಲ್ಲ ಛಲೋ ಐತಿ. ಇದೊಂದು ತಗೀರಿ. ಈಗಿಂದೀಗ ಮೇಡಂಗೆ ಹೂಂ ಅಂತೀನಿ."

ತೆಗೆಯುವುದು ಕಷ್ಟವೇನಲ್ಲ. ಕರೆಯ ದನಿ ಇಷ್ಟು ಎತ್ತರವಿದ್ದರೆ ಮಾತ್ರ ದಾಟಿಸು ಎಂದು ಒಂದು ಮಿತಿ ಹಾಕಿದರಾಯಿತು. ಇಮ್ತಿಯಾಜ್‌ಗೆ ಒಂದು ಫೋನು. ಅಭಿನಂದನ ಬರೆದ ಗೆರೆಗಳು ಊರೂರಿನ ಕಚೇರಿಗಳಲ್ಲಿ ನಿಲ್ಲುತ್ತವೆ. ಶಾಲ್ಮಲಾ ಅದನ್ನೆಲ್ಲ ಒಂದೇ ಕ್ಷಣದಲ್ಲಿ ನೋಡಿದಳು.

"ತಗಿಯೂದಿಲ್ರಿ."

"ಹಟ ಮಾಡಬ್ಯಾಡ್ರಿ. ಇಡೀ ಕೆಲಸ ಹೋಗ್ತದ."

"ಹೋಗಲಿ ಸರ. ಆ ಹುಡುಗಿ ಅವತ್ತು ಚೀರಲಿಲ್ಲ. ಚನ್ನಬಸಪ್ಪ ಕಾಕಾ ಈಗ ಅಂದ್ರಲ್ಲ, ಅದಕ್ಕಿಂತಾ ಸಣ್ಣ ದನಿಯಾಗ ಅಂದಾಳ. ಆ ದನಿ ಬ್ಯಾರೆ ಮಾಡಿ ಇದನ್ನ ಬಿಡು, ಅದನ್ನ ಹಿಡಿ ಅನ್ನಾಕ ನನಗ ಬರೂದಿಲ್ಲ. ಗ್ವಾಡಿಗೂ ಬರೂದಿಲ್ಲ. ಎದ್ದು ಬಂದವರು ಸುಮ್ಮನ ಹೋಗಬೇಕಾಗ್ತದ, ಖರೆ. ಹೋಗಲಿ. ಬರದs ಇರೂದು ಬ್ಯಾಡ."

 ನರಗುಂದ ಬೆಳಗಿನಿಂದ ನಿಂತೇ ಇದ್ದರು. ಮೇಡಂ ಎದುರು ಆದದ್ದು ಇನ್ನೂ ಕಿವಿಯಲ್ಲಿ ಉರಿಯುತ್ತಿತ್ತು. ಅವರು ಕುರ್ಚಿಯಲ್ಲಿ ಕುಸಿದು, ಹಣೆಗೆ ಅಂಗೈ ಒತ್ತಿಕೊಂಡು, ಗೋಡೆಯತ್ತ ಮುಖ ಮಾಡಿ ಅಂದರು:

"ಏನ್ ಮಾಡ್ಲೆಪಾ ದೇವರs..."

ಕೈ ಹಣೆಯ ಮೇಲೆಯೇ ನಿಂತಿತು. ಶಾಲ್ಮಲಾ ತಾನೂ ಅಲುಗಲಿಲ್ಲ.

"ಸರ?" ಗೋಡೆಯ ಆಚೆಯಿಂದ ಮಂದಾಕಿನಿಯ ದನಿ ಬಂತು. "ಏನಾತ್ರಿ? ನೀರು ತರ್ಲ್ಯಾ?"

ನರಗುಂದ ಹಣೆಯಿಂದ ಕೈ ತೆಗೆದರು.  ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಚನ್ನಬಸಪ್ಪ: "ಸಾಹೇಬ್ರ, ಬಿಪಿ ಗುಳಿಗಿ ತಗೊಂಡೀರಿಲ್ಲೋ?"

ಅವರು ಗೋಡೆಯನ್ನು ನೋಡಿದರು. ಬಿಳಿಜೋಳದ ಬಣ್ಣದ ಬಟ್ಟೆ, ಕೆಂಪು ಅಂಚು. ಇಷ್ಟು ವರ್ಷ ಗಾಜಿನ ಕ್ಯಾಬಿನ್ನಿನಲ್ಲಿ ಕೂತಿದ್ದಾಗ ಎಲ್ಲರೂ ಅವರನ್ನು ನೋಡಿದ್ದರು. ಗುಳಿಗೆಯ ವಿಷಯ ಯಾರೂ ಕೇಳಿರಲಿಲ್ಲ.

"ತಗೊಂಡಿಲ್ರಿ," ಅಂದರು ಗೋಡೆಗೆ.  ಮಂದಾಕಿನಿಯ ಕಡೆ ತಿರುಗಿ, "ನೀರು ತಗೊಂಡು ಬಾರವ್ವಾ," ಅಂದರು.

ಆಮೇಲೆ ಶಾಲ್ಮಲಾಳತ್ತ ತಿರುಗದೆಯೇ ಕೈ ಚಾಚಿದರು.

"ಮೇಡಂಗೆ ಫೋನ್ ಹಚ್ಚಿ ಕೊಡ್ರಿ."